‘ಬಂದಲಿಲ್ಲ’ ಎಂದು ಯಾರೂ ಹೇಳುವುದಿಲ್ಲ: ಇಂಗ್ಲಿಷ್ ಪಾಠದ ಬಗ್ಗೆ ಕಾಸರಗೋಡಿನಿಂದ ಒಂದು ಬಹಿರಂಗ ಪತ್ರ

ಇವರಿಗೆ,
ರಾಜ್ಯದ ಶಾಲಾ ಪಠ್ಯಕ್ರಮ, ಪಠ್ಯಪುಸ್ತಕ ಹಾಗೂ ಶಿಕ್ಷಕರ ತರಬೇತಿಯ ಹೊಣೆ ಹೊತ್ತಿರುವ ಮಾನ್ಯ ಅಧಿಕಾರಿಗಳು,
ತಿರುವನಂತಪುರ.

ವಿಷಯ: ಕನ್ನಡ ಮಾಧ್ಯಮದ ಮಕ್ಕಳಿಗೆ ಇಂಗ್ಲಿಷ್ ಮಾತುಕತೆಯ ಜೊತೆಗೆ ಅದರ ವ್ಯಾಕರಣವನ್ನೂ, ಕನ್ನಡದಲ್ಲೇ, ಹೇಳಿಕೊಡುವ ಬಗ್ಗೆ.

ಮಾನ್ಯರೇ,

1993ರಿಂದ 2022ರ ವರೆಗೆ, ಅಂದರೆ 29 ವರ್ಷ, ಕಾಸರಗೋಡು ಜಿಲ್ಲೆಯ ಬಡಗು ಭಾಗದ ಕನ್ನಡ ಮಾಧ್ಯಮ ತರಗತಿಗಳಲ್ಲಿ ಇಂಗ್ಲಿಷ್ ಕಲಿಸಿದವನು ನಾನು. ಈಗ ನಿವೃತ್ತ. ಬದಿಯಡ್ಕದ ಹತ್ತಿರ ಒಂದಿಷ್ಟು ಅಡಿಕೆ ತೋಟ ಉಂಟು, ಸಮಯ ಬೇಕಾದಷ್ಟು ಉಂಟು. ಹಾಗಂತ ಇದು ಹೊತ್ತು ಕಳೆಯಲು ಬರೆದ ಪತ್ರವಲ್ಲ. ನಿಮ್ಮ ಮೇಲೆ ನನಗೊಂದು ದೂರಿದೆ. ಅದನ್ನು ಹೇಳುವ ಮೊದಲು ನನ್ನ ಮೇಲಿರುವ ದೂರನ್ನು ಹೇಳಿಬಿಡುವುದು ಮರ್ಯಾದೆ.

ಕಳೆದ ಮಳೆಗಾಲದಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ನೆನೆಯದ ಹಾಗೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ತಂದಿದ್ದ ಒಂದು ಹಾಳೆಯನ್ನು ಮುಂದಿಟ್ಟು, ‘ಸರ್, ಒಮ್ಮೆ ನೋಡಿ ಕೊಡಿ’ ಅಂದ. ಮಂಗಳೂರಿನಲ್ಲಿ ಒಂದು ಕೆಲಸಕ್ಕೆ ಬರೆದ ಅರ್ಜಿ. ಮೊದಲನೆಯ ವಾಕ್ಯವೇ ‘ಐ ಆಮ್ ಕಂಪ್ಲೀಟೆಡ್ ಮೈ ಡಿಗ್ರಿ’. ಸ್ವಲ್ಪ ಕೆಳಗೆ ‘ಮೈ ಫಾದರ್ ಡೋಂಟ್ ಹ್ಯಾವ್ ಎ ಜಾಬ್’. ಅದರ ಕೆಳಗೆ ‘ಐ ಡಿಡ್ ನಾಟ್ ಗಾಟ್’. ಹುಡುಗ ದಡ್ಡನಲ್ಲ. ಶಾಲೆಯ ಇಂಗ್ಲಿಷ್ ನಾಟಕದಲ್ಲಿ ಪ್ರತಿ ವರ್ಷ ಅವನದ್ದೇ ಮುಖ್ಯ ಪಾತ್ರ. ಅವತ್ತೂ ಚಹಾ ಕುಡಿಯುತ್ತಾ ಕುಡಿಯುತ್ತಾ ಫೋನಿನಲ್ಲಿ ಯಾರೊಡನೆಯೋ ಇಂಗ್ಲಿಷಿನಲ್ಲಿ ಒಂದಿಷ್ಟೂ ಅಂಜದೆ ಮಾತಾಡಿದ. ನನ್ನ ಕಾಲದವರಿಗೆ ಆ ವಯಸ್ಸಿನಲ್ಲಿ ಕನಸಿನಲ್ಲೂ ಬಾರದಿದ್ದ ಧೈರ್ಯ ಅದು. ನಾನು ಅರ್ಜಿ ತಿದ್ದಿ, ಒಂದೊಂದು ತಪ್ಪೂ ಯಾಕೆ ತಪ್ಪು ಎಂದು ಕನ್ನಡದಲ್ಲಿ ಹೇಳುತ್ತಾ ಹೋದೆ. ಮುಕ್ಕಾಲು ಗಂಟೆ ಹಿಡಿಯಿತು. ಹೊರಡುವಾಗ ಕೊಡೆ ಬಿಡಿಸುತ್ತಾ ಅಂದ: ‘ಇಷ್ಟೇ ಆದರೆ ಸರ್, ಆಗ ಯಾಕೆ ಹೇಳಿಕೊಡಲಿಲ್ಲ?’

ಅವನಿಗೆ ಸಿಗಬೇಕಾಗಿದ್ದ ಉತ್ತರದಲ್ಲಿ ಅರ್ಧ ನನ್ನದು, ಅರ್ಧ ನಿಮ್ಮದು.

ನನ್ನ ಅರ್ಧ ಹೀಗೆ. ನಾನು ಕೆಲಸಕ್ಕೆ ಸೇರಿದಾಗ ಇಂಗ್ಲಿಷ್ ಎಂದರೆ ವ್ಯಾಕರಣವೇ. ‘ಹಿ ಕಿಲ್ಡ್ ಎ ಸ್ನೇಕ್’ ಎಂದು ಬೋರ್ಡಿನಲ್ಲಿ ಬರೆದು ‘ಎ ಸ್ನೇಕ್ ವಾಸ್ ಕಿಲ್ಡ್ ಬೈ ಹಿಮ್’ ಮಾಡಿಸುವುದು. ಜೂನ್‌ನಿಂದ ಮಾರ್ಚ್ ತನಕ ನಾವು ಆ ಹಾವನ್ನು ಕೊಲ್ಲುತ್ತಲೇ ಇದ್ದೆವು. ಕರ್ತರಿಯಿಂದ ಕರ್ಮಣಿಗೆ, ನೇರ ಮಾತಿನಿಂದ ವರದಿ ಮಾತಿಗೆ, ಹತ್ತಕ್ಕೆ ಹತ್ತು ಅಂಕ ತೆಗೆಯುವ ಮಕ್ಕಳು ನನ್ನಲ್ಲಿದ್ದರು. ಅಂಥ ಮಕ್ಕಳನ್ನೇ ಒಮ್ಮೆ ಬೇಕಲ ಕೋಟೆಗೆ ಪ್ರವಾಸ ಕರೆದುಕೊಂಡು ಹೋಗಿದ್ದೆ. ಅಲ್ಲೊಬ್ಬಳು ವಿದೇಶಿ ಹೆಂಗಸು ನಗುತ್ತಾ ‘ಯಾವ ಶಾಲೆ ನಿಮ್ಮದು’ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಮೂವತ್ತೆಂಟು ಮಕ್ಕಳೂ ಒಟ್ಟಿಗೆ ನನ್ನ ಬೆನ್ನ ಹಿಂದೆ ಸರಿದರು. ನಿಜ ಹೇಳಬೇಕೆಂದರೆ ನನಗೂ ಯಾರದಾದರೂ ಬೆನ್ನು ಬೇಕಿತ್ತು.

ಹಾಗಾಗಿ ಹೊಸ ಪದ್ಧತಿ ಬಂದಾಗ ಚಪ್ಪಾಳೆ ತಟ್ಟಿ ಸ್ವಾಗತಿಸಿದವರಲ್ಲಿ ನಾನೂ ಒಬ್ಬ. 1994ರ ಹೊತ್ತಿಗೆ ಜಿಲ್ಲಾ ಪ್ರಾಥಮಿಕ ಶಿಕ್ಷಣ ಯೋಜನೆ ಕೇರಳಕ್ಕೆ ಬಂದಾಗ ಮೊದಲ ಹಂತದಲ್ಲಿ ಆಯ್ಕೆಯಾದ ಮೂರು ಜಿಲ್ಲೆಗಳಲ್ಲಿ ಮಲಪ್ಪುರ, ವಯನಾಡುಗಳ ಜೊತೆ ನಮ್ಮ ಕಾಸರಗೋಡೂ ಇತ್ತು. ಚಟುವಟಿಕೆ ಆಧಾರಿತ ಕಲಿಕೆ ಎಂಬ ಮಾತನ್ನು ನಾವು ಮೊದಲು ಕೇಳಿದ್ದು ಆಗ. ಮುಂದೆ 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು, 2007ರ ಕೇರಳ ಪಠ್ಯಕ್ರಮ ಚೌಕಟ್ಟು ಬಂದವು. ಮಗುವನ್ನು ಭಾಷೆಯೊಳಗೆ ಮುಳುಗಿಸಿ, ಅರ್ಥದ ಬೆನ್ನು ಹಿಡಿಸಿ, ಭಾಷೆ ತಾನಾಗಿ ಬರುತ್ತದೆ ಎಂಬುದು ನಮಗೆ ತಲುಪಿದ ಸಾರ. ತರಗತಿಗೆ ಜೀವ ಬಂತು. ಮಕ್ಕಳು ಕುಂಬಳೆಯ ಸಂತೆ ಮಾಡಿದರು, ಬಸ್ಸು ಮಾಡಿದರು, ಆಸ್ಪತ್ರೆ ಮಾಡಿದರು, ಡೈರಿ ಬರೆದರು, ನೋಟೀಸು ಬರೆದರು. ಹಿಂದಿನ ಬೆಂಚಿನ ಹುಡುಗ ಮೀನು ಮಾರುವವನಾಗಿ ‘ಫ್ರೆಶ್ ಫಿಶ್, ಫ್ರೆಶ್ ಫಿಶ್’ ಎಂದು ಕೂಗಿದ್ದು ಹೆಡ್‌ಮಾಸ್ಟರರ ಕೋಣೆಗೂ ಕೇಳಿಸಿತ್ತು. ಈ ಪದ್ಧತಿ ತಪ್ಪೆಂದು ಹೇಳಲು ನಾನು ಪೆನ್ನು ಹಿಡಿದಿಲ್ಲ. ಕೊಡೆ ಬಿಡಿಸುತ್ತಾ ಪ್ರಶ್ನೆ ಕೇಳಿದ ಆ ಹುಡುಗ ಫೋನಿನಲ್ಲಿ ಅಂಜದೆ ಮಾತಾಡಿದ್ದರೆ ಅದು ಇದರದ್ದೇ ಫಲ.

ಎಡವಟ್ಟಾದದ್ದು ತರಬೇತಿ ಶಿಬಿರಗಳಲ್ಲಿ. ಮೇಲಿನಿಂದ ಹೊರಟ ಮಾತು ಏನಿತ್ತೋ, ನಮ್ಮ ಬಳಿಗೆ ಬರುವಾಗ ‘ವ್ಯಾಕರಣ ಕಲಿಸಬೇಡಿ’ ಎಂದಾಗಿತ್ತು. ‘ಮಗು ತಾಯಿಭಾಷೆ ಕಲಿಯುವಾಗ ಯಾರಾದರೂ ವ್ಯಾಕರಣ ಹೇಳಿಕೊಡುತ್ತಾರಾ?’ ಎಂದು ತರಬೇತುದಾರರು ಕೇಳುತ್ತಿದ್ದರು. ನಾವು ನಗುತ್ತಾ ತಲೆ ಆಡಿಸುತ್ತಿದ್ದೆವು. ಮಗು ಮಾತಾಡುವಾಗ ನಡುವೆ ತಿದ್ದಬಾರದು, ಹರಿವು ಕಡಿಯುತ್ತದೆ ಎಂದು ಹೇಳಿದರು. ಅದು ಸರಿಯೇ. ಆದರೆ ಮಾತು ಮುಗಿದ ಮೇಲೆ ಯಾವಾಗ ತಿದ್ದಬೇಕು, ಹೇಗೆ ತಿದ್ದಬೇಕು ಎಂಬುದಕ್ಕೆ ಹೊತ್ತು ಉಳಿಯುತ್ತಿರಲಿಲ್ಲ. ಅಷ್ಟರಲ್ಲಿ ಊಟದ ಗಂಟೆ. ಬರಬರುತ್ತಾ ವ್ಯಾಕರಣ ಎಂಬುದು ಕದ್ದು ಮಾಡುವ ಕೆಲಸವಾಯಿತು. ಒಮ್ಮೆ ತಪಾಸಣೆಗೆ ಬಂದವರ ಜೀಪು ಗೇಟಿನ ಹತ್ತಿರ ಕಂಡದ್ದೇ, ಬೋರ್ಡಿನ ಮೇಲೆ ಬರೆದಿದ್ದ ಕ್ರಿಯಾಪದಗಳ ಪಟ್ಟಿಯನ್ನು ನಾನೇ ಅಂಗೈಯಿಂದ ಒರೆಸಿ ಹಾಕಿದ್ದೇನೆ. ಸೀಮೆಸುಣ್ಣದ ಕೈಯಲ್ಲೇ ನಮಸ್ಕಾರ ಮಾಡಿದ್ದು ನೆನಪಿದೆ.

ಅದೇ ವರ್ಷ ಆರನೆಯ ತರಗತಿಯ ಒಬ್ಬ ಹುಡುಗಿ ಕೇಳಿದಳು: ‘ಸರ್, ಈ ಗೋ ಕೆಲವು ಸಲ ಗೋಸ್ ಆಗುವುದು ಎಂತಕ್ಕೆ?’ ನನಗೆ ಉತ್ತರ ಗೊತ್ತಿತ್ತು. ಎರಡು ನಿಮಿಷದ ಉತ್ತರ. ಆದರೂ ಶಿಬಿರದಲ್ಲಿ ಕಲಿತದ್ದನ್ನೇ ಹೇಳಿದೆ: ‘ಕೇಳಿ ಕೇಳಿ ನಿನಗೇ ಗೊತ್ತಾಗುತ್ತದೆ.’ ಅವಳು ಕೂತಳು. ಮತ್ತೆ ಯಾವತ್ತೂ ಅಂಥ ಪ್ರಶ್ನೆ ಕೇಳಲಿಲ್ಲ. ನನ್ನ ಮೇಲಿನ ದೂರು ಇದೇ.

ಇನ್ನು ನಿಮ್ಮ ಅರ್ಧ.

ಕೇಳಿ ಕೇಳಿ ಬರಬೇಕಾದರೆ ಕೇಳಿಸಬೇಕಲ್ಲವೇ? ಪೆರ್ಲದಿಂದ ಕಾಸರಗೋಡಿಗೆ ಬರುವ ಬಸ್ಸಿನಲ್ಲಿ ಒಮ್ಮೆ ಕುಳಿತು ನೋಡಿ. ಕಂಡಕ್ಟರ್ ಮಲಯಾಳದಲ್ಲಿ ಟಿಕೆಟ್ ಕೇಳುತ್ತಾನೆ, ಮುಂದಿನ ಸೀಟಿನ ಅಜ್ಜಿ ತುಳುವಿನಲ್ಲಿ ಉತ್ತರ ಕೊಡುತ್ತಾಳೆ, ಪಕ್ಕದವರು ಹವ್ಯಕ ಕನ್ನಡದಲ್ಲಿ ಮದುವೆ ಸುದ್ದಿ ಮಾತಾಡುತ್ತಿರುತ್ತಾರೆ, ಹಿಂದೆ ಬ್ಯಾರಿ, ಇನ್ನೊಂದೆಡೆ ಕೊಂಕಣಿ ಅಥವಾ ಕರಾಡ ಮರಾಠಿ. ಇಂಗ್ಲಿಷ್ ಇರುವುದು ಅಂಗಡಿ ಬೋರ್ಡಿನಲ್ಲಿ ಮತ್ತು ಮೊಬೈಲ್ ರೀಚಾರ್ಜಿನಲ್ಲಿ. ತಾಯಿಭಾಷೆಯ ಮಗುವಿಗೆ ಎಚ್ಚರವಿರುವ ಇಡೀ ಹೊತ್ತು, ವರ್ಷಗಟ್ಟಲೆ, ಆ ಭಾಷೆ ಕಿವಿಗೆ ಬೀಳುತ್ತಲೇ ಇರುತ್ತದೆ. ನಮ್ಮ ಮಗುವಿಗೆ ಇಂಗ್ಲಿಷ್ ಸಿಗುವುದು ದಿನಕ್ಕೆ ಒಂದು ಪೀರಿಯಡ್. ಅದನ್ನು 40 ನಿಮಿಷ ಎಂದಿಟ್ಟುಕೊಳ್ಳಿ. ತರಗತಿಯಲ್ಲಿ 35 ಮಕ್ಕಳಿದ್ದರೆ, ಶಿಕ್ಷಕ ಬಾಯಿಯೇ ತೆರೆಯದಿದ್ದರೂ, ಒಂದು ಮಗುವಿನ ಪಾಲಿಗೆ ಮಾತಾಡಲು ಬರುವುದು ಒಂದು ನಿಮಿಷ ಚಿಲ್ಲರೆ. ಈ ಒಂದು ನಿಮಿಷದಿಂದ ನಿಯಮಗಳನ್ನು ತಾನೇ ಹೆಕ್ಕಿಕೊಳ್ಳಲಿ ಎಂದರೆ, ತೆಂಗಿನಕಾಯಿ ತೋರಿಸಿ ಎಣ್ಣೆ ನೀನೇ ಮಾಡಿಕೋ ಎಂದಂತೆ.

ನಿವೃತ್ತಿಯ ನಂತರ ನಾನು ಈ ವಿಷಯದಲ್ಲಿ ಒಂದಿಷ್ಟು ಓದಿದೆ. ಕೆಲಸದಲ್ಲಿದ್ದಾಗ ಓದಬೇಕಿತ್ತು, ಆಗ ಕಲಿಕಾ ದಾಖಲೆಗಳನ್ನು ತುಂಬಿಸುವುದರಲ್ಲೇ ಸಂಜೆಯಾಗುತ್ತಿತ್ತು. ಓದಿದಾಗ ತಿಳಿದದ್ದೇನೆಂದರೆ, ಈ ಪದ್ಧತಿಗೆ ನಮ್ಮದೇ ಊರುಗಳಲ್ಲಿ ಪ್ರಯೋಗ ನಡೆದಿತ್ತು. ಭಾಷಾ ಶಿಕ್ಷಣ ತಜ್ಞ ಎನ್.ಎಸ್. ಪ್ರಭು ಅವರು 1979ರಿಂದ 1984ರ ವರೆಗೆ ಬೆಂಗಳೂರು, ಮದರಾಸು ಮುಂತಾದ ಕಡೆಗಳ ಶಾಲೆಗಳಲ್ಲಿ, ವ್ಯಾಕರಣವನ್ನು ಪಾಠದಿಂದ ಹೊರಗಿಟ್ಟು, ರೈಲಿನ ವೇಳಾಪಟ್ಟಿ ಓದುವುದು, ನಕ್ಷೆಯಲ್ಲಿ ದಾರಿ ಹುಡುಕುವುದು, ಇಂಥ ಕೆಲಸಗಳ ಮೂಲಕವೇ ಇಂಗ್ಲಿಷ್ ಕಲಿಸಿ ನೋಡಿದರು. ಜಗತ್ತಿನಾದ್ಯಂತ ಅದನ್ನು ಬೆಂಗಳೂರು ಪ್ರಾಜೆಕ್ಟ್ ಎಂದೇ ಕರೆಯುತ್ತಾರೆ. ಹೊರಗಿನವರು ಬಂದು ಮೌಲ್ಯಮಾಪನ ಮಾಡಿದಾಗ ಗ್ರಹಿಕೆಯಲ್ಲಿ, ಕೊಟ್ಟ ಕೆಲಸ ಬಿಡಿಸುವುದರಲ್ಲಿ ಈ ಮಕ್ಕಳು ಮುಂದಿದ್ದರು. ವಾಕ್ಯರಚನೆಯ ಪರೀಕ್ಷೆಯಲ್ಲಿ ಕೆಲವು ಕಡೆ ಹಳೆಯ ಪದ್ಧತಿಯ ಮಕ್ಕಳೇ ಮುಂದಿದ್ದರು. ಯಾವುದನ್ನು ಕೊಟ್ಟೆವೋ ಅದು ಬಂತು.

ಇನ್ನೊಂದು ಕಡೆಯಿಂದ ನೋಡಿ. ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ 1965ರಿಂದ ಇಂಗ್ಲಿಷ್ ಮನೆಮಾತಿನ ಮಕ್ಕಳಿಗೆ ಶಾಲೆಯ ಪಾಠಗಳನ್ನೇ ಫ್ರೆಂಚಿನಲ್ಲಿ ಕಲಿಸತೊಡಗಿದರು. ನಮ್ಮ ಹಾಗೆ ಒಂದು ಪೀರಿಯಡ್ ಅಲ್ಲ, ಹೆಚ್ಚುಕಡಿಮೆ ದಿನವಿಡೀ. ಆ ಮಕ್ಕಳು ಫ್ರೆಂಚನ್ನು ಹೆಚ್ಚುಕಡಿಮೆ ಫ್ರೆಂಚ್ ಮನೆಮಾತಿನ ಮಕ್ಕಳಷ್ಟೇ ಚೆನ್ನಾಗಿ ಅರ್ಥ ಮಾಡಿಕೊಂಡರು. ಆದರೆ ಮಾತಿನಲ್ಲಿ, ಬರಹದಲ್ಲಿ ಕ್ರಿಯಾಪದದ ತಪ್ಪು, ಲಿಂಗದ ತಪ್ಪು ವರ್ಷಗಟ್ಟಲೆ ಹಾಗೇ ಉಳಿಯಿತು. ಮೆರಿಲ್ ಸ್ವೇನ್ ಎಂಬ ವಿದ್ವಾಂಸರು 1985ರಲ್ಲಿ ಇದನ್ನೇ ಎತ್ತಿ ತೋರಿಸಿದರು. ಅಮೆರಿಕದ ಹೊನೊಲುಲುವಿನಲ್ಲಿ ನೆಲೆಸಿದ ಜಪಾನಿನ ಚಿತ್ರಕಾರನೊಬ್ಬನ ಕಥೆ ಇನ್ನೂ ಸ್ವಾರಸ್ಯದ್ದು. ರಿಚರ್ಡ್ ಶ್ಮಿಟ್ ಎಂಬವರು ಅವನನ್ನು ಮೂರು ವರ್ಷ ಗಮನಿಸಿ 1983ರಲ್ಲಿ ಬರೆದರು. ಸುತ್ತಮುತ್ತ ಇಂಗ್ಲಿಷೇ ಇಂಗ್ಲಿಷ್. ಆತ ಹರಟೆಮಲ್ಲ, ಎಲ್ಲರಿಗೂ ಪ್ರಿಯ, ವ್ಯವಹಾರದಲ್ಲಿ ನಿಪುಣ. ಮಾತಿನ ಕಲೆ ದಿನದಿಂದ ದಿನಕ್ಕೆ ಬೆಳೆಯಿತು. ವ್ಯಾಕರಣ ಮಾತ್ರ ಇದ್ದಲ್ಲೇ ಇತ್ತು. ಹೊನೊಲುಲುವಿನಲ್ಲಿ ಆಗದ್ದು ನಮ್ಮ ಎಣ್ಮಕಜೆಯಲ್ಲಿ ಆದೀತೇ ಎಂದು ನಾನು ಕೇಳುವುದು ಉದ್ಧಟತನವಲ್ಲ ಎಂದುಕೊಳ್ಳುತ್ತೇನೆ. 2000ರಲ್ಲಿ ನಾರಿಸ್ ಮತ್ತು ಒರ್ಟೆಗಾ ಎಂಬಿಬ್ಬರು 49 ಅಧ್ಯಯನಗಳನ್ನು ಒಟ್ಟುಹಾಕಿ ನೋಡಿದಾಗಲೂ ನಿಯಮವನ್ನು ಬಿಡಿಸಿ ಹೇಳಿಕೊಟ್ಟ ಪಾಠಗಳ ಫಲವೇ ಹೆಚ್ಚಾಗಿ ಕಂಡಿತ್ತು. ಇವೆಲ್ಲ ಗುಟ್ಟಿನ ವಿಷಯಗಳಲ್ಲ. ನಿಮ್ಮ ಗ್ರಂಥಾಲಯದಲ್ಲಿ ನನ್ನ ಮೊಬೈಲಿಗಿಂತ ಹೆಚ್ಚೇ ಸಿಕ್ಕೀತು.

ಇಷ್ಟು ಹೇಳಿದರೆ ‘ಸರಿ, ವ್ಯಾಕರಣದ ಒಂದು ಅಧ್ಯಾಯ ಸೇರಿಸೋಣ’ ಎಂದು ನೀವು ಹೇಳಬಹುದು. ದಯವಿಟ್ಟು ಹಾಗೆ ಮಾಡಬೇಡಿ. ಮತ್ತೆ ಹಾವು ಕೊಲ್ಲುವ ಕೆಲಸ ಶುರುವಾಗುತ್ತದೆ. ನನ್ನ ಕೋರಿಕೆ ಬೇರೆ. ವ್ಯಾಕರಣವನ್ನು ಮಗುವಿನ ಬಾಯಲ್ಲಿ ಈಗಾಗಲೇ ಇರುವ ಭಾಷೆಯಿಂದ ತೆಗೆದು ತೋರಿಸಿ. ಕೊನೆಯ ಕೆಲವು ವರ್ಷ, ತಪಾಸಣೆಯ ಭಯ ಬಿಟ್ಟ ಮೇಲೆ, ನಾನು ಮಾಡಿದ್ದು ಅದನ್ನೇ.

‘ಹಿ ಡಿಡ್ ನಾಟ್ ಕೇಮ್’ ಎಂಬ ತಪ್ಪನ್ನು ನಾನು ಸಾವಿರ ಸಲ ತಿದ್ದಿರಬಹುದು. ಡಿಡ್ ಬಂದರೆ ಕ್ರಿಯಾಪದದ ಮೊದಲ ರೂಪ ಹಾಕಬೇಕು ಎಂದು ಬಾಯಿಪಾಠ ಮಾಡಿಸಿದರೆ ನಾಳೆ ಮರೆತುಹೋಗುತ್ತದೆ. ಒಂದು ದಿನ ಬೇರೆ ದಾರಿ ಹಿಡಿದೆ. ‘ಅವನು ಬಂದ. ಇದನ್ನು ಇಲ್ಲ ಎನ್ನುವುದು ಹೇಗೆ?’ ಎಂದು ಕೇಳಿದೆ. ‘ಅವನು ಬರಲಿಲ್ಲ.’ ‘ಯಾಕೆ, ಬಂದಲಿಲ್ಲ ಅಂತ ಹೇಳಬಾರದಾ?’ ಇಡೀ ತರಗತಿ ನಕ್ಕಿತು. ತಿಂದಲಿಲ್ಲ, ಹೋದಲಿಲ್ಲ, ಕೊಟ್ಟಲಿಲ್ಲ ಎಂದು ತಾವೇ ಒಂದೊಂದು ಕಟ್ಟಿ ಬಿದ್ದು ಬಿದ್ದು ನಕ್ಕರು. ನಗು ನಿಂತ ಮೇಲೆ ತೋರಿಸಿದೆ: ಬಂದ ಎಂಬುದರಲ್ಲಿದ್ದ ಭೂತಕಾಲ ‘ಇಲ್ಲ’ ಬಂದ ಕೂಡಲೇ ಕ್ರಿಯಾಪದವನ್ನು ಬಿಟ್ಟುಹೋಯಿತು, ಉಳಿದದ್ದು ಬರೀ ‘ಬರಲ್’. ಇಂಗ್ಲಿಷಿನಲ್ಲೂ ಹಾಗೇ, ಕೇಮ್‌ನೊಳಗಿದ್ದ ಕಾಲವನ್ನು ಡಿಡ್ ಎತ್ತಿಕೊಂಡಿತು, ಉಳಿದದ್ದು ಬರೀ ಕಮ್. ಆಮೇಲೆ ಯಾರಾದರೂ ಆ ತಪ್ಪು ಮಾಡಿದರೆ ನಾನು ತಿದ್ದುವ ಮೊದಲೇ ಪಕ್ಕದವರು ‘ಬಂದಲಿಲ್ಲ, ಬಂದಲಿಲ್ಲ’ ಎನ್ನುತ್ತಿದ್ದರು. ಆ ವರ್ಷದ ಬ್ಯಾಚಿನಲ್ಲಿ ಅದು ಅಡ್ಡಹೆಸರಿನ ಹಾಗೆ ಉಳಿದುಬಿಟ್ಟಿತು.

ಗೋಸ್ ಎಂತಕ್ಕೆ ಎಂದು ಕೇಳಿದ ಹುಡುಗಿಗೂ ಉತ್ತರ ಅವಳ ಬಾಯಲ್ಲೇ ಇತ್ತು. ನಾನು ಹೋಗುತ್ತೇನೆ, ಅವನು ಹೋಗುತ್ತಾನೆ, ಅವಳು ಹೋಗುತ್ತಾಳೆ, ಅವರು ಹೋಗುತ್ತಾರೆ. ಆಳು ಬದಲಾದ ಹಾಗೆ ಬಾಲ ಬದಲಾಗುವುದು ಕನ್ನಡದ ಮಗುವಿಗೆ ಹುಟ್ಟಿನಿಂದ ಗೊತ್ತು. ಇಂಗ್ಲಿಷ್ ಸೋಮಾರಿ ಭಾಷೆ, ಹಿ, ಶಿ, ಇಟ್ ಬಂದಾಗ ಮಾತ್ರ ಒಂದು ಪುಟ್ಟ ಬಾಲ ಹಾಕುತ್ತದೆ ಎಂದರೆ ಸಾಕಿತ್ತು. ಭೂತಕಾಲಕ್ಕೆ ಬಂದರೆ ನಮ್ಮ ಮಕ್ಕಳ ಇನ್ನೊಂದು ಭಾಷೆ ನೆರವಿಗೆ ಬರುತ್ತದೆ. ಮಲಯಾಳದಲ್ಲಿ ಞಾನ್ ಪೋಯಿ, ಅವನ್ ಪೋಯಿ, ಅವರ್ ಪೋಯಿ. ಯಾರು ಹೋದರೂ ಪೋಯಿ. ಇಂಗ್ಲಿಷಿನ ವೆಂಟ್ ಕೂಡ ಹಾಗೇ, ಯಾರು ಹೋದರೂ ವೆಂಟ್. ಗೋಸ್‌ಗೆ ಕನ್ನಡ, ವೆಂಟ್‌ಗೆ ಮಲಯಾಳ. ಇದನ್ನು ಧಾರವಾಡದ ಮಗುವಿಗೂ ಹೀಗೆ ಹೇಳಲಾಗದು, ಕೊಲ್ಲಂನ ಮಗುವಿಗೂ ಹೇಳಲಾಗದು. ಮಂಜೇಶ್ವರದ ಮಗುವಿಗೆ ಹೇಳಬಹುದು.

ಇಂಗ್ಲಿಷಿನ ‘ಎ’ ಮತ್ತು ‘ದ’ ನಮ್ಮವರಿಗೆ ಯಾವಾಗಲೂ ಕಷ್ಟ, ಕನ್ನಡದಲ್ಲಿ ಅವು ಇಲ್ಲವಲ್ಲ ಎಂದು ಎಲ್ಲರೂ ಹೇಳುತ್ತಾರೆ. ಅಜ್ಜಿ ಕಥೆ ಶುರು ಮಾಡುವುದು ಹೇಗೆ? ‘ಒಂದೂರಿನಲ್ಲಿ ಒಬ್ಬ ರಾಜ ಇದ್ದ. ಆ ರಾಜನಿಗೆ ಮಕ್ಕಳಿರಲಿಲ್ಲ.’ ಮೊದಲ ಸಲ ಒಬ್ಬ, ಎರಡನೆಯ ಸಲ ಆ. ಎಲ್ಲ ಕಡೆಗೂ ಇದು ಸಾಲುವುದಿಲ್ಲ, ಆದರೆ ಬಾಗಿಲು ತೆರೆಯಲು ಸಾಕು. ತುಳು ಮನೆಮಾತಿನ ಮಕ್ಕಳಿಗೆ ‘ಕೇಮ್’ ಮತ್ತು ‘ಹ್ಯಾವ್ ಕಮ್’ ವ್ಯತ್ಯಾಸ ಹೇಳಲು ‘ಬತ್ತೆರ್’ ಮತ್ತು ‘ಬೈದೆರ್’ ಎಂದರೆ ಮುಗಿಯಿತು. ಕನ್ನಡದಲ್ಲಿ ಬಂದರು, ಬಂದಿದ್ದಾರೆ. ಇಲ್ಲೊಂದು ಹೊಂಡವೂ ಇದೆ: ‘ನಿನ್ನೆ ಬಂದಿದ್ದಾರೆ’ ಎಂಬುದು ಕನ್ನಡದಲ್ಲಿ ನಡೆಯುತ್ತದೆ, ಇಂಗ್ಲಿಷಿನಲ್ಲಿ ನಡೆಯುವುದಿಲ್ಲ. ನಿನ್ನೆ, ಮೊನ್ನೆ ಎಂದು ಹೊತ್ತು ಹೇಳಿದರೆ ‘ಹ್ಯಾವ್’ ಬಿಟ್ಟುಬಿಡಬೇಕು ಎಂದು ಬಾಯಿಬಿಟ್ಟು ಎಚ್ಚರಿಸದೆ ಬೇರೆ ದಾರಿಯಿಲ್ಲ. ಎಷ್ಟು ನಾಟಕ ಆಡಿಸಿದರೂ ಆ ಹೊಂಡ ಮಗುವಿಗೆ ತಾನಾಗಿ ಕಾಣದು.

‘ಐ ಆಮ್ ಕಂಪ್ಲೀಟೆಡ್’ ಎಲ್ಲಿಂದ ಬಂತು ಎಂದು ನಾನು ಬಹಳ ದಿನ ಯೋಚಿಸಿದ್ದೇನೆ. ಒಂದನೆಯ ತರಗತಿಯಿಂದ ಮಗು ಎದ್ದು ನಿಂತು ‘ಐ ಆಮ್’ ಎಂದು ಹೆಸರು ಹೇಳುತ್ತದೆ. ನೂರಾರು ಸಲ. ಅದರ ಮನಸ್ಸಿನಲ್ಲಿ ‘ಐಯಾಮ್’ ಎಂಬುದು ಒಂದೇ ಶಬ್ದ, ಅರ್ಥ ‘ನಾನು’. ‘ನಾನು ಮುಗಿಸಿದೆ’ ಅಂದರೆ ‘ಐಯಾಮ್ ಕಂಪ್ಲೀಟೆಡ್’. ಮಗುವಿನ ತರ್ಕ ನೂರಕ್ಕೆ ನೂರು ಸರಿ. ಅದು ಎರಡು ಶಬ್ದ, ಎರಡನೆಯದು ಕ್ರಿಯಾಪದ ಎಂದು ಯಾರೋ ಒಬ್ಬರು ಒಂದು ದಿನ ಬಿಡಿಸಿ ತೋರಿಸಬೇಕಿತ್ತು, ಅಷ್ಟೇ. ಹದಿನೈದು ವರ್ಷ ಯಾರೂ ತೋರಿಸಲಿಲ್ಲ. ಹುಡುಗನ ಅರ್ಜಿಗೆ ಬಂದ ಉತ್ತರ ಏನೆಂದು ನಾನು ಕೇಳಿಲ್ಲ, ಅವನೂ ಹೇಳಿಲ್ಲ.

ಹೀಗೆ ಹೇಳಿಕೊಡಬೇಕಾದರೆ ಶಿಕ್ಷಕರಿಗೆ ಕನ್ನಡ ಬರಬೇಕು. ಇದು ಈ ಜಿಲ್ಲೆಯ ಹಳೆಯ ಗಾಯ, ನಿಮಗೆ ಗೊತ್ತಿಲ್ಲದ್ದಲ್ಲ. ಕನ್ನಡ ಬಾರದವರನ್ನು ಕನ್ನಡ ಮಾಧ್ಯಮದ ತರಗತಿಗಳಿಗೆ ನೇಮಿಸಿದಾಗ ಮಕ್ಕಳು, ಹೆತ್ತವರು ಶಾಲೆಯ ಗೇಟಿನಲ್ಲಿ ಕೂತದ್ದು ಒಂದೆರಡು ಸಲವಲ್ಲ. ಆಗೆಲ್ಲ ಚರ್ಚೆ ಗಣಿತ, ಸಮಾಜ, ವಿಜ್ಞಾನದ ಬಗ್ಗೆ ನಡೆಯುತ್ತದೆ. ‘ಇಂಗ್ಲಿಷನ್ನು ಇಂಗ್ಲಿಷಿನಲ್ಲೇ ಕಲಿಸುವುದಲ್ಲವಾ, ಅದಕ್ಕೆ ಯಾವ ಭಾಷೆಯವರಾದರೇನು’ ಎಂಬ ಮಾತು ನಮ್ಮವರ ಬಾಯಲ್ಲೂ ಬರುತ್ತದೆ. ಮೇಲಿನ ಬಂದಲಿಲ್ಲದ ಕಥೆ ಹೇಳಿದ್ದು ಅದಕ್ಕೇ. 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯಿಭಾಷೆಯಲ್ಲಿ ಕಲಿಕೆಯ ಸೌಕರ್ಯ ಮಾಡಬೇಕು ಎನ್ನುತ್ತದೆ. ಇಂಗ್ಲಿಷ್ ಪಾಠದೊಳಗಿನ ವಿವರಣೆಗೂ ಆ ಆಶಯ ಅನ್ವಯಿಸಬೇಕೆಂದು ನಾನು ಓದಿಕೊಳ್ಳುತ್ತೇನೆ, ವಕೀಲನಲ್ಲ, ಮೇಷ್ಟ್ರು.

ನಾನು ಹೋದ ಇಂಗ್ಲಿಷ್ ತರಬೇತಿಗಳಲ್ಲಿ ವಿವರಣೆಗೆ ಬಳಸಿದ ಭಾಷೆ ಹೆಚ್ಚಿನ ಸಲ ಮಲಯಾಳ. ಅದನ್ನು ತಪ್ಪೆಂದು ಹೇಳಲಾರೆ, ಬಂದವರಲ್ಲಿ ಅವರೇ ಹೆಚ್ಚು. ಆದರೆ ಮಲಯಾಳದ ಮಗು ಎಡವುವ ಕಲ್ಲು ಬೇರೆ, ನಮ್ಮ ಮಗು ಎಡವುವ ಕಲ್ಲು ಬೇರೆ. ಕ್ರಿಯಾಪದಕ್ಕೆ ಬಾಲ ಹಾಕುವುದು ಅವರಿಗೆ ಹೊಸದು, ನಮಗೆ ಹಳೆಯದು. ಒಂದೇ ಮಾತ್ರೆ ಇಬ್ಬರಿಗೂ ಕೊಟ್ಟರು.

ಇನ್ನೊಂದು ವಿಷಯ ಹೇಳಲೇಬೇಕು, ಹೇಳಲು ಸಂಕೋಚವಿದ್ದರೂ. ಈಗ ಕೆಲಸಕ್ಕೆ ಸೇರುತ್ತಿರುವ ಎಳೆಯ ಶಿಕ್ಷಕರು ಇದೇ ಪದ್ಧತಿಯಲ್ಲಿ ಕಲಿತು ಬಂದವರು. ಉತ್ಸಾಹಿಗಳು, ನನಗಿಂತ ಚೆನ್ನಾಗಿ ಇಂಗ್ಲಿಷ್ ಮಾತಾಡುತ್ತಾರೆ. ಅವರಲ್ಲಿ ಇಬ್ಬರು ಮೂವರು ರಾತ್ರಿ ಊಟವಾದ ಮೇಲೆ ನನಗೆ ಫೋನ್ ಮಾಡುತ್ತಾರೆ. ‘ಸರ್, ನಾಳೆ ಎಡಿಟಿಂಗ್ ಪ್ರಶ್ನೆ ಮಾಡಿಸಬೇಕು. ಉತ್ತರ ಇದು ಅಂತ ಗೊತ್ತು. ಯಾಕೆ ಅಂತ ಹೇಳಿ.’ ಹತ್ತನೆಯ ತರಗತಿಯ ಇಂಗ್ಲಿಷ್ ಪ್ರಶ್ನೆಪತ್ರಿಕೆಯಲ್ಲಿ ತಪ್ಪು ವಾಕ್ಯಗಳನ್ನು ತಿದ್ದುವ ಪ್ರಶ್ನೆಯನ್ನು ನೀವೇ ಇಟ್ಟಿದ್ದೀರಿ. ಒಂಬತ್ತು ವರ್ಷ ತಪ್ಪನ್ನು ಕಂಡರೂ ಕಾಣದ ಹಾಗೆ ಇರಬೇಕು, ಹತ್ತನೆಯ ವರ್ಷ ಕಂಡುಹಿಡಿಯಬೇಕು. ಈ ಪ್ರಶ್ನೆಗೆ ಅಂಕ ಸಿಗುವುದು ಟ್ಯೂಷನ್ನಿಗೆ ಹೋದವರಿಗೆ. ಟ್ಯೂಷನ್‌ಗಳಲ್ಲಿ ಏನು ಕಲಿಸುತ್ತಾರೆ ಎಂದುಕೊಂಡಿರಿ? ಹಾವು ಕೊಲ್ಲುವುದನ್ನೇ, ದುಡ್ಡು ತೆಗೆದುಕೊಂಡು. ಅಡಿಕೆ ಸುಲಿಯುವವರ, ಬೀಡಿ ಕಟ್ಟುವವರ ಮಕ್ಕಳಿಗೆ ಅದೂ ಇಲ್ಲ.

ಹಾಗಾಗಿ ನನ್ನ ಕೋರಿಕೆಗಳು.

ಎಲ್ಲಕ್ಕಿಂತ ಮೊದಲು, ಒಂದು ಸುತ್ತೋಲೆ. ‘ಚಟುವಟಿಕೆ ಮುಗಿದ ಮೇಲೆ, ಅದೇ ಚಟುವಟಿಕೆಯಲ್ಲಿ ಮಕ್ಕಳು ಆಡಿದ, ಬರೆದ ವಾಕ್ಯಗಳನ್ನೇ ಬೋರ್ಡಿಗೆ ತಂದು, ಹತ್ತು ನಿಮಿಷ ನಿಯಮ ಹೇಳಿಕೊಡಬಹುದು, ಅದನ್ನು ಕನ್ನಡದಲ್ಲಿ ಹೇಳಬಹುದು’ ಎಂದು ನಿಮ್ಮ ಸಹಿಯೊಂದಿಗೆ ಬರಲಿ. ಇದಕ್ಕೆ ಒಂದು ಪೈಸೆಯ ಖರ್ಚಿಲ್ಲ. ಜೀಪು ಕಂಡಾಗ ಬೋರ್ಡು ಒರೆಸುವುದು ನಿಂತರೆ ಅರ್ಧ ಕೆಲಸ ಆದಂತೆ. ಹೆಸರು ಹೇಳದೆ ತಪ್ಪು ವಾಕ್ಯವನ್ನು ಬೋರ್ಡಿಗೆ ತರಬೇಕು ಎಂಬುದನ್ನೂ ಅದರಲ್ಲಿ ಬರೆಯಿರಿ, ಇಲ್ಲದಿದ್ದರೆ ಮಕ್ಕಳು ಮತ್ತೆ ಬಾಯಿ ಮುಚ್ಚಿಕೊಳ್ಳುತ್ತಾರೆ.

ಎರಡನೆಯದಾಗಿ, ಕನ್ನಡ ಮಾಧ್ಯಮದ ಇಂಗ್ಲಿಷ್ ಶಿಕ್ಷಕರಿಗೆ ಒಂದು ಕೈಪಿಡಿ. ಮಲಯಾಳದಿಂದ ಅನುವಾದ ಮಾಡಿದ್ದಲ್ಲ, ಇಲ್ಲಿಯವರೇ ಕೂತು ಬರೆದದ್ದು. ಇಪ್ಪತ್ತೈದು ಮೂವತ್ತು ತಪ್ಪುಗಳು ಸಾಕು; ನಮ್ಮ ಮಕ್ಕಳು ಮಾಡುವ ತಪ್ಪುಗಳು ಅದಕ್ಕಿಂತ ಹೆಚ್ಚು ಬಗೆಯವಲ್ಲ. ಪ್ರತಿಯೊಂದಕ್ಕೂ ಕನ್ನಡದಲ್ಲಿ, ತುಳುವಿನಲ್ಲಿ, ಮಲಯಾಳದಲ್ಲಿ ಅದೇ ಮಾತು ಹೇಗೆ ನಡೆಯುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬುದು. ಕರ್ತೃ, ಕರ್ಮ, ಕ್ರಿಯಾಪದ ಎಂಬ ಶಬ್ದಗಳನ್ನು ಮಕ್ಕಳು ಕನ್ನಡ ಪಾಠದಲ್ಲಿ ಹೇಗೂ ಕಲಿಯುತ್ತಾರೆ. ಅವೇ ಶಬ್ದಗಳು ಇಂಗ್ಲಿಷ್ ಪೀರಿಯಡ್‌ಗೂ ಬರಲಿ. ಮಾಯಿಪ್ಪಾಡಿಯಲ್ಲಿ ಜಿಲ್ಲಾ ಶಿಕ್ಷಣ ತರಬೇತಿ ಸಂಸ್ಥೆ ಇದೆ, ಕೋಣೆ ಇದೆ, ಕುರ್ಚಿ ಇದೆ. ಒಂದು ರಜೆಯಲ್ಲಿ ಮುಗಿಯುವ ಕೆಲಸ.

ಇನ್ನು ಪರೀಕ್ಷೆ. ಮಾತಿಗೆ ಇಷ್ಟು ಮಹತ್ವ ಕೊಟ್ಟ ಪದ್ಧತಿಯಲ್ಲಿ ಎಸ್ಸೆಸ್ಸೆಲ್ಸಿಯ 80 ಅಂಕ ಬರಹಕ್ಕೇ ಹೋಗುತ್ತದೆ, ಉಳಿದ 20 ನಿರಂತರ ಮೌಲ್ಯಮಾಪನಕ್ಕೆ. ಆ 20ರಲ್ಲಿ ಒಂದು ಪಾಲನ್ನು ನಿಜವಾಗಿ ಮಗುವನ್ನು ಎದುರು ಕೂರಿಸಿ ಮಾತಾಡಿಸಿ ಕೊಡುವಂತಾಗಲಿ. ವ್ಯಾಕರಣದ ಪರ ವಾದಿಸುವವನು ಇದನ್ನು ಯಾಕೆ ಕೇಳುತ್ತಾನೆ ಎಂದು ಆಶ್ಚರ್ಯಪಡಬೇಡಿ. ಬೇಕಲದಲ್ಲಿ ನನ್ನ ಬೆನ್ನ ಹಿಂದೆ ಸರಿದ ಮಕ್ಕಳನ್ನು ನಾನು ಮರೆತಿಲ್ಲ.

ಮತ್ತು ನೇಮಕ. ಕನ್ನಡ ಮಾಧ್ಯಮದ ಇಂಗ್ಲಿಷ್ ಹುದ್ದೆಗೆ ಬರುವವರಿಗೆ ಕನ್ನಡ ಓದಿ, ಬರೆದು, ವಿವರಿಸಲು ಬರಬೇಕು. ಇದರ ಬಗ್ಗೆ ಬರೆದವರು ಬಹಳ ಮಂದಿ. ನನ್ನದೊಂದು ಸಹಿ ಸೇರಿಸಿಕೊಳ್ಳಿ.

ಈ ಪತ್ರಕ್ಕೆ ಉತ್ತರ ಬಂದರೆ ಸಂತೋಷ. ಕೈಪಿಡಿಗೆ ಬೇಕಾದ ತಪ್ಪು ವಾಕ್ಯಗಳಿಗಾಗಿ ನೀವು ಎಲ್ಲೂ ಹುಡುಕಬೇಕಾಗಿಲ್ಲ. ಕೊನೆಯ ಏಳು ವರ್ಷ ಮಕ್ಕಳ ಉತ್ತರಪತ್ರಿಕೆಗಳಿಂದ ಎತ್ತಿ ಬರೆದಿಟ್ಟ ಮೂರು ನೋಟುಪುಸ್ತಕಗಳು ನನ್ನ ಬಳಿ ಇವೆ, ಯಾವ ತರಗತಿ, ಮಗುವಿನ ಮನೆಮಾತು ಯಾವುದು ಎಂಬ ಗುರುತು ಸಹಿತ. ಮಳೆಗಾಲದಲ್ಲಿ ಒಂದಕ್ಕೆ ಸ್ವಲ್ಪ ಬೂಸಲು ಹಿಡಿದಿದೆ, ಓದಲು ತೊಂದರೆಯಿಲ್ಲ. ಯಾರನ್ನಾದರೂ ಕಳುಹಿಸಿದರೆ ಕೊಡುತ್ತೇನೆ. ಬರುವವರಿಗೆ ಕನ್ನಡ ಬಂದರೆ ಒಳ್ಳೆಯದು.

ಇತಿ ತಮ್ಮ ವಿಶ್ವಾಸಿ,
ಕನ್ನಡ ಮಾಧ್ಯಮದ ಒಬ್ಬ ನಿವೃತ್ತ ಇಂಗ್ಲಿಷ್ ಶಿಕ್ಷಕ
ಬದಿಯಡ್ಕ ಸಮೀಪ, ಕಾಸರಗೋಡು ಜಿಲ್ಲೆ